ಹಳ್ಳಿ ಸರ್ಕಾರಿ ಪಿಯು ಕಾಲೇಜಿಂದ ನ್ಯಾಷನಲ್ ಲಾ ಸ್ಕೂಲಿಗೆ ಹೋಗೋಕಾಗುತ್ತಾ? ತಂಗಿ ಕೇಳ್ತಿದ್ದಾಳೆ

ಏಸ್_ಗಾಡಿ_ಹಿರಿಯೂರು

ಎಲ್ರಿಗೂ ನಮಸ್ಕಾರ. ನಾನು ಹಿರಿಯೂರು ತಾಲೂಕಿನೋನು, ಐಟಿಐ ಮಾಡಿ ಈಗ ಟಾಟಾ ಏಸ್ ಓಡಿಸ್ತೀನಿ, ಓದಿನ ವಿಷಯದಲ್ಲಿ ನನ್ನ ತಿಳುವಳಿಕೆ ಅಷ್ಟಕ್ಕಷ್ಟೇ, ಅದಕ್ಕೇ ಇಲ್ಲಿ ಕೇಳ್ತಿರೋದು. ತಂಗಿ ಸರ್ಕಾರಿ ಪಿಯು ಕಾಲೇಜಲ್ಲಿ ಫಸ್ಟ್ ಪಿಯು, ಆರ್ಟ್ಸ್, ಹೆಚ್‌ಇಪಿಎಸ್. ಒಂದರಿಂದ ಹತ್ತು ಪೂರ್ತಿ ಕನ್ನಡ ಮೀಡಿಯಂ, ಎಸ್ಸೆಸ್ಸೆಲ್ಸಿಲಿ 589. ಕ್ಲಾಸಲ್ಲಿ 31 ಜನ. ಇಂಗ್ಲಿಷ್‌ಗೆ ಗೆಸ್ಟ್ ಲೆಕ್ಚರರು, ವಾರಕ್ಕೆ ಮೂರು ದಿನ ಇಲ್ಲಿ, ಮೂರು ದಿನ ಇನ್ನೊಂದು ಕಾಲೇಜು. ಲೈಬ್ರರಿ ಅಂದ್ರೆ ಒಂದು ಬೀರು, ಬೀಗದ ಕೈ ಅಟೆಂಡರ್ ಹತ್ರ, ಅವ್ರು ರಜಾ ಹಾಕಿದ್ರೆ ಅವತ್ತು ಲೈಬ್ರರಿನೂ ರಜಾ.

ಅವಳಿಗೆ ಲಾ ಓದ್ಬೇಕಂತೆ. ಎಲ್ಲೋ ಟಿವಿ ನೋಡಿ ಹುಟ್ಟಿದ ಆಸೆ ಅಲ್ಲ. ನಮ್ಮ ತಾತನ ಕಾಲದ ಪಾಲಿನ ಕೇಸು 14 ವರ್ಷದಿಂದ ತಾಲೂಕು ಕೋರ್ಟಲ್ಲಿ ನಡೀತೈತೆ, ಪ್ರತಿ ಸಲ ಅಪ್ಪ ಹೋಗಿ "ಮುಂದಕ್ಕೆ ಹಾಕವ್ರೆ" ಅಂತ ಬರ್ತಿದ್ರು. ಹೋದ ವರ್ಷ ಇವಳು ಜೊತೆಲಿ ಹೋಗಿದ್ದಾಳೆ, ವಕೀಲರ ಗುಮಾಸ್ತನ ಹತ್ರ ಆರ್ಡರ್ ಕಾಪಿ ಜೆರಾಕ್ಸ್ ಈಸ್ಕೊಂಡು ಬಸ್‌ಸ್ಟ್ಯಾಂಡಲ್ಲಿ ಕೂತು ಮೊಬೈಲಲ್ಲಿ ಒಂದೊಂದೇ ಪದ ಹುಡುಕಿ ಅಪ್ಪಂಗೆ ಓದಿ ಹೇಳಿದ್ದಾಳೆ. ಎರಡು ಬಸ್ ಬಿಟ್ರಂತೆ. ನಾವೇ ಒಂದು ಪೇಪರ್ ಕೊಡಬೇಕಿತ್ತು ಅದನ್ನ ಕೊಟ್ಟಿಲ್ಲ ಅದಕ್ಕೇ ಮುಂದಕ್ಕೆ ಹೋಗ್ತಿದೆ ಅನ್ನೋದು ಅವತ್ತು ಗೊತ್ತಾಗಿದ್ದು.

ಕಾಲೇಜಲ್ಲಿ ಕೇಳಿದ್ರೆ "ಅದೆಲ್ಲಾ ದೊಡ್ಡೋರ ಮಕ್ಳಿಗೆ ಕಣಮ್ಮ, ಇಲ್ಲೇ ಬಿಎ ಮಾಡು, ಆಮೇಲೆ ಮೂರು ವರ್ಷದ ಲಾ ಮಾಡಿದ್ರಾಯ್ತು" ಅಂದ್ರಂತೆ. ನಿಜವಾಗ್ಲೂ ಆಗಲ್ವಾ? ಆಗೋದಾದ್ರೆ ಎಷ್ಟು ದುಡ್ಡು, ಏನೇನು ಪೇಪರ್ಸ್, ಎಲ್ಲಿಂದ ಶುರು ಮಾಡ್ಬೇಕು? ಗೊತ್ತಿರೋರು ಹೇಳಿ.

ರೋಣದಾಕಿ

ಅಣ್ಣಾರ, ಆಗ್ತದ. ನಾ ಗದಗ ಜಿಲ್ಲಾ ರೋಣದಾಕಿ, ಸರ್ಕಾರಿ ಸಾಲಿ, ಸರ್ಕಾರಿ ಪಿಯು, ಈಗ ಬ್ಯಾರೆ ರಾಜ್ಯದಾಗಿನ ಒಂದು ಎನ್‌ಎಲ್‌ಯು, ಅಂದ್ರ ನ್ಯಾಷನಲ್ ಲಾ ಯೂನಿವರ್ಸಿಟಿದಾಗ ಎರಡನೇ ವರ್ಷ ಅದೀನಿ. ಬೆಂಗಳೂರಿನ ಲಾ ಸ್ಕೂಲ್ ನನಗ ಸಿಗಲಿಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ.

ನನಗ ಏನಾತು ಅಂದ್ರ, ಸೆಕೆಂಡ್ ಪಿಯು ಇದ್ದಾಗ ಜನವರಿದಾಗ ಒಬ್ಬರು ಲಾ ಸ್ಕೂಲ್ ಸೀಟಿಗೆ ಕ್ಲಾಟ್ ಅಂತ ಒಂದು ಪರೀಕ್ಷಾ ಐತಿ ಅಂತ ಹೇಳಿದ್ರು. ಖುಷಿಲಿಂದ ಸೈಬರ್ ಸೆಂಟರಿಗೆ ಓಡಿಹೋದೆ. ಅಂವ ಸ್ಕ್ರೀನ್ ನೋಡಿ "ಇದು ಹ್ವಾದ ತಿಂಗಳ ಮುಗದೈತಲ್ಲ ತಂಗಿ" ಅಂದ. ಡಿಸೆಂಬರ್ ಮೊದಲ ವಾರದ ಆಜೂಬಾಜೂನ ಪರೀಕ್ಷಾ ಇರ್ತದ, ಅರ್ಜಿ ಆಗಸ್ಟ್‌ಲಿಂದ ಅಕ್ಟೋಬರ್ ಸುಮಾರಿಗೆ ಮುಗೀತದ. ನಮ್ಮ ಕಡೆ ಪಿಯು ರಿಸಲ್ಟ್ ಬಂದಮ್ಯಾಲ "ಮುಂದ ಏನ್ ಓದೂದು" ಅಂತ ವಿಚಾರ ಮಾಡೂದು ರೂಢಿ, ಇವರು ಪಿಯು ಪರೀಕ್ಷಾಕ್ಕಿಂತ ಮೊದಲ ಬಾಗಿಲಾ ಹಾಕ್ಕೊಂಡು ಹೋಗಿರ್ತಾರ. ಒಂದು ವರ್ಷ ಬಿಎ ಕುಂತೆ, ಮುಂದಿನ ಡಿಸೆಂಬರ್‌ದಾಗ ಬರದೆ. ನಿಮ್ಮ ತಂಗಿ ಫಸ್ಟ್ ಪಿಯುದಾಗ ಕೇಳಾಕತ್ತಾಳ ಅಂದ್ರ ನನಗಿಂತ ಒಂದು ವರ್ಷ ಮುಂದ ಅದಾಳ.

ಪರೀಕ್ಷಾ: 120 ಪ್ರಶ್ನೆ, 2 ತಾಸು, ತಪ್ಪಿದ್ರ ಕಾಲು ಮಾರ್ಕ್ ಕಟ್. ಇಂಗ್ಲಿಷ್, ಕರೆಂಟ್ ಅಫೇರ್ಸ್, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಸ್ವಲ್ಪ ಗಣಿತ, ಗಣಿತ ಹತ್ತನೇ ಲೆವೆಲ್ಲಿಂದು. ಕಾನೂನು ಮೊದಲ ಗೊತ್ತಿರಬೇಕು ಅಂತಿಲ್ಲ. ಆದ್ರ ಎಲ್ಲಾ ಪ್ಯಾಸೇಜ್, ಒಂದೊಂದು 450 ಶಬ್ದದ ಸುಮಾರು, ಓದಿ ಅದರಾಗಿಂದ ಉತ್ತರ ಹುಡುಕಬೇಕು. ಪರೀಕ್ಷಾ ಇಂಗ್ಲಿಷ್‌ದಾಗ ಅಷ್ಟ, ಕನ್ನಡ ಇಲ್ಲ. ಹಿಂಗಾಗಿ ಇದು ಬುದ್ಧಿ ಪರೀಕ್ಷಾ ಅನ್ನೂದಕ್ಕಿಂತ ಓದೂ ಸ್ಪೀಡಿನ ಪರೀಕ್ಷಾ. ನಾ ಮೊದಲನೇ ಸಲ ಟೈಮ್ ಹಚ್ಚಿ ಕುಂತಾಗ ಎರಡು ತಾಸಿನಾಗ 47 ಪ್ರಶ್ನೆಗೆ ಮುಟ್ಟಿದ್ದೆ, ಅದರಾಗೂ ಕೊನೀ ಹತ್ತು ಅಂದಾಜಿನ ಮ್ಯಾಲ ಹೊಡದಿದ್ದು.

ಮಂಡ್ಯ_ಕಬ್ಬು

ಸುಮ್ಕೆ ಆಸೆ ಹುಟ್ಟಿಸ್ಬ್ಯಾಡಿ ಕಣ್ರಪ್ಪ. ವರ್ಷಕ್ಕೆ ಲಕ್ಷಗಟ್ಲೆ ಫೀಸು ಐತೆ, ಐದು ವರ್ಷ. ಅಣ್ಣ ಏಸ್ ಗಾಡಿ ಓಡಿಸ್ತಾನೆ ಅಂತ ಬರ್ದವ್ನೆ, ಗಾಡಿ ಲೋನೇ ಇನ್ನೂ ತೀರಿರಲ್ಲ. ಕೋಚಿಂಗ್ ಇಲ್ದೆ ಇದೆಲ್ಲಾ ಆಗಲ್ಲ, ಬೆಂಗ್ಳೂರು ಹುಡುಗ್ರು ಒಂಬತ್ತನೇ ಕ್ಲಾಸಿಂದ ಕೂರ್ತಾರೆ. ನಮ್ಮೂರಲ್ಲೇ ಒಬ್ಬ ಡೆಲ್ಲಿಗೆ ಹೋಗ್ತೀನಿ ಅಂತ ಹೋಗಿ ಆರ್ ತಿಂಗ್ಳಿಗೆ ವಾಪಸ್ ಬಂದು ಈಗ ಇಲ್ಲೇ ಎಲ್‌ಐಸಿ ಮಾಡ್ತಾವ್ನೆ. ಬೇಜಾರ್ ಮಾಡ್ಕೋಬ್ಯಾಡಿ, ಇರೋ ವಿಷ್ಯ ಹೇಳ್ದೆ.

ಏಸ್_ಗಾಡಿ_ಹಿರಿಯೂರು

ಬೇಜಾರಿಲ್ಲ ಅಣ್ಣ. ಲೋನ್ ಇನ್ನೂ 19 ಕಂತು ಐತೆ, ಸರಿಯಾಗೇ ಹೇಳಿದ್ರಿ.

ಹಾಸನದ_ಮೇಷ್ಟ್ರು

ನಾನು ಸರ್ಕಾರಿ ಪಿಯು ಲೆಕ್ಚರರು, ಊರು ಹಾಸನ, ಕೆಲಸ ಕೊಪ್ಪಳ ಜಿಲ್ಲೆ. ಪ್ರತಿ ವರ್ಷ ಎರಡು ಮೂರು ಮಕ್ಕಳಿಗಾದ್ರೂ ಅರ್ಜಿ ತುಂಬಿಸ್ತೀನಿ. ನನ್ನ ಅನುಭವದಲ್ಲಿ ಮಕ್ಕಳು ಸೋಲೋದು ಪರೀಕ್ಷೆ ಹಾಲಲ್ಲಿ ಅಲ್ಲ, ಅದಕ್ಕೂ ಮೊದಲು ನಾಡಕಚೇರಿ ಕ್ಯೂನಲ್ಲಿ ಸೋತಿರ್ತಾರೆ.

ಮೊದಲು ಹೆಸರು ನೋಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋ ಹೆಸರೂ ಆಧಾರಲ್ಲಿ ಇರೋ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ? ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ, ಒಂದರಲ್ಲಿ ಹೆಸರಿನ ಕೊನೆಗೆ "ಅಮ್ಮ" ಇದೆ ಇನ್ನೊಂದರಲ್ಲಿಲ್ಲ, ಅಪ್ಪನ ಹೆಸರು ರೇಷನ್ ಕಾರ್ಡಲ್ಲಿ ಮೂರನೇ ಥರ. ಮಾರ್ಕ್ಸ್ ಕಾರ್ಡ್ ತಿದ್ದಿಸೋದು ದೊಡ್ಡ ರಾಮಾಯಣ, ಆಧಾರ್ ತಿದ್ದಿಸೋದು ಸುಲಭ, ಹಾಗಾಗಿ ಮಾರ್ಕ್ಸ್ ಕಾರ್ಡಿನ ಪ್ರಕಾರ ಆಧಾರ್ ಸರಿ ಮಾಡಿಸಿ, ಆಮೇಲೇ ಜಾತಿ ಆದಾಯ ಮಾಡಿಸಿ. ಉಲ್ಟಾ ಮಾಡಿದ್ರೆ ಎಲ್ಲಾ ಎರಡೆರಡು ಸಲ.

ಎರಡನೇದು ತುಂಬಾ ಜನ ಬೀಳೋ ಹೊಂಡ. ನಮ್ಮ ರಾಜ್ಯದ 2ಎ, 3ಎ, 3ಬಿ ಬೇರೆ, ಕೇಂದ್ರದ ಒಬಿಸಿ ಬೇರೆ. ರಾಜ್ಯದ ಸರ್ಟಿಫಿಕೇಟ್ ಇದೆ ಅಂತ ಕೇಂದ್ರದ ಸಂಸ್ಥೆಗಳಿಗೆ ಒಬಿಸಿ ಅಂತ ಟಿಕ್ ಮಾಡಿ ಸೀಟ್ ಬಂದ್ಮೇಲೆ ವೆರಿಫಿಕೇಷನ್ನಲ್ಲಿ ಒದ್ದಾಡಿದ ಹುಡುಗನ್ನ ನಾನೇ ನೋಡಿದೀನಿ, ಅಲ್ಲಿಗೆ ಅಪ್ಪ ಅಮ್ಮ ಇಬ್ರೂ ಹೋಗಿದ್ರು, ಭಾಷೆ ಬರಲ್ಲ, ಫೋನಲ್ಲಿ ನಾನು ಮಾತಾಡಿ ಮಾತಾಡಿ ಸಾಕಾಯ್ತು. ಎನ್‌ಸಿಬಿಸಿ (ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗ) ವೆಬ್‌ಸೈಟಲ್ಲಿ ಕರ್ನಾಟಕದ ಪಟ್ಟಿ ಇದೆ, ನಿಮ್ಮ ಜಾತಿ ಅದರಲ್ಲಿ ಇದೆಯಾ ನೋಡಿ, ಇದ್ರೆ ಕೇಂದ್ರದ ನಮೂನೆಯಲ್ಲೇ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಕೊಪ್ಪಳದಲ್ಲಿ ಕಲ್ಯಾಣ ಕರ್ನಾಟಕದವರಿಗೆ ಕೊಡೋ 371ಜೆ ಸರ್ಟಿಫಿಕೇಟನ್ನೂ ಹೀಗೇ ಎಲ್ಲಾ ಕಡೆ ನಡೆಯುತ್ತೆ ಅಂದ್ಕೊಂಡಿರ್ತಾರೆ, ಅದು ರಾಜ್ಯದ ಸೀಟಿಗೆ.

ಇನ್ನು ರೂರಲ್ ಕೋಟಾ 15 ಪರ್ಸೆಂಟ್, ಕನ್ನಡ ಮೀಡಿಯಂ 5 ಪರ್ಸೆಂಟ್ ಅಂತ ಎಲ್ರೂ ಹೇಳ್ತಾರಲ್ಲ, ಒಂದರಿಂದ ಹತ್ತು ಹಳ್ಳೀಲಿ ಓದಿದ್ದಕ್ಕೆ ಹೆಡ್‌ಮಾಸ್ಟರ್ ಸಹಿ ಬಿಇಒ ಮೇಲುಸಹಿ, ಅದು ರಾಜ್ಯದ ಸಿಇಟಿ ನಡೆಸೋ ಕೆಇಎ ಮೂಲಕ ಸಿಗೋ ಇಂಜಿನಿಯರಿಂಗ್, ಅಗ್ರಿ ಅಂಥದ್ದಕ್ಕೆ. ಕ್ಲಾಟಲ್ಲಿ ಆ ಕೋಟಾ ಇಲ್ಲ. ಆದ್ರೆ ಬೆಂಗಳೂರಿನ ಲಾ ಸ್ಕೂಲಲ್ಲಿ ಬೇರೊಂದಿದೆ: ಕರ್ನಾಟಕದವರಿಗೆ 25 ಪರ್ಸೆಂಟ್. 2020ರಲ್ಲಿ ಸರ್ಕಾರ ಕಾನೂನು ಮಾಡಿತ್ತು, ಹೈಕೋರ್ಟ್ ರದ್ದು ಮಾಡ್ತು, ಆಮೇಲೆ 2021ರಿಂದ ಸಂಸ್ಥೆನೇ ತನ್ನ ನೀತಿ ಅಂತ ಜಾರಿಗೆ ತಂತು. ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ನಿಮ್ಮ ತಂಗಿಗೆ ಅದು ಸಲೀಸಾಗಿ ಬರುತ್ತೆ. ಸ್ಟಡಿ ಸರ್ಟಿಫಿಕೇಟ್ ಈಗಲೇ ಮಾಡಿಸಿಡಿ, ಪ್ರೈಮರಿ ಸ್ಕೂಲ್ ವಿಲೀನ ಆಗಿ ರಿಜಿಸ್ಟರ್ ಎಲ್ಲಿದೆ ಅಂತಾನೇ ಗೊತ್ತಾಗದ ಕೇಸು ನಮ್ಮಲ್ಲಿ ಆಗಿದೆ.

ಕಾಫಿ_ತೋಟ_ಕೊಪ್ಪ

ಇದನ್ನ ಸೇವ್ ಮಾಡ್ಕೊಂಡೆ. ನಮ್ಮಕ್ಕನ ಮಗಳು ಸೆಕೆಂಡ್ ಪಿಯು, ಇವತ್ತೇ ಆಧಾರ್ ನೋಡಿಸ್ದೆ, ಹುಟ್ಟಿದ ತಾರೀಖೇ ಬೇರೆ ಇದೆ ಮಾರಾಯ್ರೆ!

ದ್ಯುತಿ_ಸಂಶ್ಲೇಷಣೆ

ನಂದು ಸೈನ್ಸ್ ಕಥೆ, ಆದ್ರೂ ಹೇಳ್ತೀನಿ ಯಾಕಂದ್ರೆ ಇಂಗ್ಲಿಷ್ ವಿಷಯ ಬಂತು. ನಾನು ಚಾಮರಾಜನಗರ ಕಡೆಯವನು, ಐಸರ್ ಅಂತ ಕೇಂದ್ರದ ವಿಜ್ಞಾನ ಸಂಸ್ಥೆ ಒಂದರಲ್ಲಿ ಓದ್ತಿದೀನಿ. ಅದರ ಪರೀಕ್ಷೆ ಐಎಟಿ, 60 ಪ್ರಶ್ನೆ, ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬಯಾಲಜಿ ತಲಾ 15. ನಮ್ಮ ಕಾಲೇಜಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ನೀಟ್ ಬಿಟ್ರೆ ಸಿಇಟಿ, ಸಿಇಟಿ ಬಿಟ್ರೆ ಬಿಎಸ್ಸಿ. ನನಗೆ ಗೊತ್ತಾಗಿದ್ದು ಯೂಟ್ಯೂಬಲ್ಲಿ ಏನೋ ಹುಡುಕ್ತಾ ಏನೋ ಸಿಕ್ಕಿ.

ಮೊದಲ ವಾರ ಬಯಾಲಜಿ ಕ್ಲಾಸಲ್ಲಿ ಪ್ರೊಫೆಸರ್ ಫೋಟೋಸಿಂಥೆಸಿಸ್ ಬಗ್ಗೆ ಒಂದು ಗಂಟೆ ಮಾತಾಡಿದ್ರು, ಪಿಯುಲಿ ಆ ಪದ ಬರ್ದಿದ್ದೆ, ಆದ್ರೂ ತಲೇಲಿ ಅದು ಅರ್ಥ ಆಗಿ ಕೂತಿದ್ದು ದ್ಯುತಿಸಂಶ್ಲೇಷಣೆ ಅಂತ ಹೈಸ್ಕೂಲಲ್ಲಿ ಮೇಡಂ ಎಲೆ ಕುದಿಸಿ ಅಯೋಡಿನ್ ಹಾಕಿ ತೋರಿಸಿದಾಗ, ಹಾಗಾಗಿ ಪ್ರತಿ ವಾಕ್ಯನೂ ಒಳಗೆ ಒಂದ್ಸಲ ಕನ್ನಡಕ್ಕೆ ತಿರುಗ್ತಿತ್ತು, ನಾನು ತಿರುಗಿಸೋ ಹೊತ್ತಿಗೆ ಅವ್ರು ಎರಡು ಸ್ಲೈಡ್ ಮುಂದೆ. ಮೊದಲ ಟೆಸ್ಟಲ್ಲಿ 30ಕ್ಕೆ 4. ನಮ್ಮ ಹಾಸ್ಟೆಲಲ್ಲಿ ಹೀಗೇ ಒದ್ದಾಡ್ತಿದ್ದ ತೆಲುಗು ಹುಡುಗ, ಒಡಿಯಾ ಹುಡುಗಿ, ಮೂವರೂ ಸೇರಿ ರಾತ್ರಿ ಪಾಠ ಒಬ್ಬರಿಗೊಬ್ಬರು ಹೇಳ್ಕೊಳ್ತಿದ್ವಿ, ಮೂವರ ಇಂಗ್ಲಿಷೂ ಹರುಕು ಮುರುಕು ಆಗಿದ್ರಿಂದ ನಾಚಿಕೆ ಇರ್ಲಿಲ್ಲ. ಎರಡನೇ ಸೆಮ್ ಹೊತ್ತಿಗೆ ತಿರುಗಿಸೋದು ನಿಂತಿತ್ತು, ಯಾವಾಗ ನಿಂತಿತು ಗೊತ್ತಿಲ್ಲ.

ರೋಣದಾಕಿ

ಹೌದ್ರಿ, ಇದು ಖರೇ. ನಮ್ಮಲ್ಲೆ ಮೊದಲ ದಿನ ಎಲ್ಲಾರೂ ಯಾವ ಸ್ಕೂಲ್ ಅಂತ ಕೇಳ್ಕೊತಿದ್ರು, ಅವರೆಲ್ಲಾ ಒಂದು ಹೆಸರು ಹೇಳಿದ್ರ ಇನ್ನೊಬ್ಬರು "ಓ" ಅಂತಿದ್ರು. ನಾ ಸರ್ಕಾರಿ ಪ್ರೌಢಶಾಲೆ ಅಂತ ಊರ ಹೆಸರು ಹೇಳಿದೆ, ಆ ಹುಡುಗಿ ಇನ್ನೂ ಏನರ ಹೇಳ್ತಾಳ ಅಂತ ಕಾಯ್ಕೋತ ನಿಂತಿದ್ಲು ಪಾಪ. ಈಗ ನನ್ನ ಖಾಸಾ ಗೆಳತಿ ಆಕಿ.

ಮಂಡ್ಯದ ಅಣ್ಣಾರು ರೊಕ್ಕದ ಮಾತು ಹೇಳಿದ್ರು, ಅದು ಸುಳ್ಳಲ್ಲ. ಕ್ಲಾಟ್ ಅರ್ಜಿಗೇ ನಾ ಬರೆಯೂ ಮುಂದ 4000, ಎಸ್ಸಿ ಎಸ್ಟಿ ಬಿಪಿಎಲ್‌ದವರಿಗೆ 3500. ಬಡವರಿಗೆ ಅಂತ 500 ರೂಪಾಯಿ ಕಡಿಮಿ ಮಾಡ್ಯಾರ, ನೋಡ್ರಿ ಎಂಥಾ ದೊಡ್ಡ ಮನಸ್ಸು. ನಮ್ಮವ್ವ ಸಂಘದಾಗ ಎತ್ತಿ ಕೊಟ್ಳು. ಆದ್ರ ಒಳಗ ಹೋದಮ್ಯಾಲ ದಾರಿ ಅದಾವ. ಕಾಲೇಜಿಂದೇ ಫೈನಾನ್ಷಿಯಲ್ ಏಡ್ ಇರ್ತದ, ಆದಾಯ ಸರ್ಟಿಫಿಕೇಟ್ ಹಚ್ಚಿ ಅರ್ಜಿ ಕೊಡಬೇಕು, ನಾಚಿಕೊಂಡು ಸುಮ್ಮನ ಕುಂತ್ರ ಯಾರೂ ಕರದು ಕೊಡಂಗಿಲ್ಲ. ಸ್ಕಾಲರ್‌ಶಿಪ್ ಪೋರ್ಟಲ್ ಬ್ಯಾರೆ. ಉಳಿದಿದ್ದಕ್ಕ ಲೋನು.

ಲೋನಿಗೆ ನಾ ಒಂದು ಬ್ಯಾಂಕಿಗೆ ನಾಕು ಸಲ ಅಡ್ಡಾಡೇನಿ. ಮ್ಯಾನೇಜರ್ ಹೊಲದ ಪಹಣಿ ತೊಗೊಂಡು ಬಾ, ಜಾಮೀನಿಗೆ ನೌಕರಿ ಇದ್ದಾವ್ರನ್ನ ಕರ್ಕೊಂಡು ಬಾ ಅಂದ್ರು. ನೌಕರಿ ಇದ್ದಾವ್ರು ನಮ್ಮ ಮನಿತನದಾಗ ಇದ್ರ ನಾ ಲೋನ್ ಯಾಕ ಕೇಳ್ತಿದ್ದೆ? ಅವಾಗ ಪಿಎಂ ವಿದ್ಯಾಲಕ್ಷ್ಮಿ ಅನ್ನೂ ಕೇಂದ್ರದ ಓದಿನ ಸಾಲದ ಯೋಜನಾ ಇರಲಿಲ್ಲ, 2024ರ ನವೆಂಬರ್‌ದಾಗ ಕ್ಯಾಬಿನೆಟ್ ಒಪ್ಪಿಗಿ ಕೊಟ್ತು. ಪಟ್ಟಿಯೊಳಗಿನ ಸಂಸ್ಥೆಗೆ ಸೀಟ್ ಸಿಕ್ರ ಜಾಮೀನು, ಅಡವು ಏನೂ ಕೇಳಂಗಿಲ್ಲ, ಅರ್ಜಿ ಆನ್‌ಲೈನ್. ಮನಿ ಆದಾಯ ವರ್ಷಕ್ಕ 8 ಲಕ್ಷದ ಒಳಗಿದ್ರ 10 ಲಕ್ಷದ ತನಕದ ಸಾಲಕ್ಕ ಓದೂ ಅವಧಿ ಬಡ್ಡಿಯೊಳಗ 3 ಪರ್ಸೆಂಟ್ ಸರ್ಕಾರ ಹೊರ್ತದ, ಅದು ಎಲ್ಲಾರಿಗೂ ಅಲ್ಲ, ವರ್ಷಕ್ಕ ಇಷ್ಟು ಮಂದಿ ಅಂತ ಲೆಕ್ಕ ಐತಿ. ಬ್ಯಾಂಕಿನವರು "ಅಂಥಾದ್ದೇನಿಲ್ಲ" ಅಂದ್ರ ಪೋರ್ಟಲ್ ತಗದು ಅವರ ಮುಂದ ಇಡ್ರಿ.

ಏಸ್_ಗಾಡಿ_ಹಿರಿಯೂರು

ಅಕ್ಕ, ಓದೋ ಸ್ಪೀಡ್ ಹೆಂಗೆ ಬರ್ಸೋದು? ಇಂಗ್ಲಿಷ್ ಪೇಪರ್ ನಮ್ಮೂರಿಗೆ ಬರಲ್ಲ. ಕನ್ನಡದ್ದು ಒಂದು ಹೋಟ್ಲಿಗೆ ಬರುತ್ತೆ ಬೆಳಗಿನ ಬಸ್ಸಲ್ಲಿ, ಅದನ್ನೂ ಮಧ್ಯಾಹ್ನದ ಹೊತ್ತಿಗೆ ಬೋಂಡಾ ಕಟ್ಟೋಕೆ ಹರಿದಿರ್ತಾರೆ.

ರೋಣದಾಕಿ

ಮೊಬೈಲ್‌ದಾಗ ಓದಲಿ, ನಾನೂ ಹಂಗ ಓದಿದ್ದು. ದಿನಾ ಒಂದ ಎಡಿಟೋರಿಯಲ್, ಎರಡಲ್ಲ. ಮೊದಲ ಸಲ ಡಿಕ್ಷನರಿ ಮುಟ್ಟದಂಗ ಪೂರ್ತಿ ಓದೂದು, ತಿಳೀಲಿ ಬಿಡಲಿ. ಎರಡನೇ ಸಲ ಗೊತ್ತಿಲ್ಲದ ಶಬ್ದಕ್ಕ ಗೆರಿ. ಮೂರನೇದು ಭಾಳ ಮುಖ್ಯ: ಓದಿದ್ದನ್ನ ಕನ್ನಡದಾಗ ಯಾರಿಗರ ಹೇಳಬೇಕು. ನಾ ನಮ್ಮವ್ವಗ ಹೇಳ್ತಿದ್ದೆ, ರೊಟ್ಟಿ ಬಡಿಯೂ ಮುಂದ. ಆಕಿ ಸಾಲಿ ಮುಖ ಕಂಡಾಕಿ ಅಲ್ಲ, ಆದ್ರ "ಮತ್ತ ಇದರಾಗ ತಪ್ಪು ಯಾರದು?" "ಅವ ಹಂಗ ಹೇಳಾಕ ಕಾರಣ ಏನು?" ಅಂತ ಕೇಳ್ತಿದ್ಲು. ಲಾಜಿಕಲ್ ರೀಸನಿಂಗ್ ಪ್ರಶ್ನೆಗೋಳು ಹಂಗ ಇರ್ತಾವ, ಲೇಖಕನ ವಾದ ಏನು, ಅದಕ್ಕ ಆಧಾರ ಏನು, ಯಾವ ಮಾತು ಹೇಳಿದ್ರ ಆ ವಾದ ಬೀಳ್ತದ. ನನಗ ಕೋಚಿಂಗ್ ಕೊಟ್ಟಾಕಿ ನಮ್ಮವ್ವನ ಅಂತ ನಾ ಎಲ್ಲಾರ ಮುಂದ ಹೇಳ್ತೀನಿ.

ಮತ್ತ ಐಡಿಯಾ ಅಂತ ಒಂದು ಸಂಸ್ಥಾ ಐತಿ, ಪ್ರೊಫೆಸರ್ ಶಮ್ನಾದ್ ಬಶೀರ್ 2010ರಾಗ ಶುರು ಮಾಡಿದ್ದು, ನಮ್ಮಂಥ ಮನಿ ಮಕ್ಕಳಿಗೆ ಕ್ಲಾಟಿಗೆ ತಯಾರಿ ಮಾಡಿಸ್ತಾರ, ಲಾ ಕಾಲೇಜ್ ಹುಡುಗ್ರೇ ಅದರಾಗ ಕೆಲಸ ಮಾಡೂದು. ಅವರ ವೆಬ್‌ಸೈಟ್ ನೋಡ್ರಿ, ಈಗಿಂದ.

ಅಂಗನವಾಡಿ_ಟೀಚರ್

ನಾನು ಇಲ್ಲಿ ಬರೆಯೋದೇ ಕಮ್ಮಿ. ನನ್ನ ಮಗಳು ಬೆಂಗಳೂರು ಸರ್ಜಾಪುರ ಕಡೆ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಲಿ ಡಿಗ್ರಿ ಓದ್ತಿದ್ದಾಳೆ. ಅಲ್ಲಿ ಮನೆ ಆದಾಯ ನೋಡಿ ಫೀಸು, ಹಾಸ್ಟೆಲ್ ಖರ್ಚಿಗೆ ಸಹಾಯ ಮಾಡ್ತಾರೆ, ನಮಗೆ ಹೆಚ್ಚುಕಮ್ಮಿ ಪೂರ್ತಿ ಸಿಕ್ಕಿದೆ. ಇಂಟರ್ವ್ಯೂನಲ್ಲಿ ನಮ್ಮೂರ ಕೆರೆ ಯಾಕೆ ಒಣಗಿತು ಅಂತ ಮಾತಾಡ್ತಾ ಇದ್ದುಬಿಟ್ಲಂತೆ.

ನನಗೆ ಹೇಳಬೇಕಾಗಿರೋದು ಬೇರೆ. ಹುಡುಗಿ ಹೊರಟಾಗ ಪರೀಕ್ಷೆ ಫೀಸು ಇದೆಲ್ಲಾ ಒಂದು ತೂಕ, ಊರವರ ಬಾಯಿ ಇನ್ನೊಂದು ತೂಕ. ನಮ್ಮ ಭಾವನೋರೇ "ಹೆಣ್ಣುಡುಗಿನ ಅಷ್ಟು ದೂರ ಬಿಟ್ರೆ ನಾಳೆ ಗಂಡು ಹುಡುಕೋದು ಯಾರು" ಅಂದ್ರು. ನಮ್ಮನೆಯವರು ಏನೂ ಮಾತಾಡ್ಲಿಲ್ಲ, ಸಂತೆಗೆ ಹೋಗಿ ಒಂದು ಸೂಟ್‌ಕೇಸ್ ತಂದಿಟ್ರು, ಅಷ್ಟೇ. ಅಲ್ಲಿಗೆ ಮಾತು ಮುಗೀತು. ಏಸ್ ಗಾಡಿ ಅಣ್ಣ, ನಿಮ್ಮನೇಲಿ ಅಪ್ಪ ಅಮ್ಮ ಏನಂತಾರೆ ಅಂತ ನೀವು ಬರೆದೇ ಇಲ್ಲ. ಅದನ್ನ ಮೊದಲು ಕೂತು ಮಾತಾಡಿ, ಸೀಟ್ ಬಂದ್ಮೇಲೆ ಅಲ್ಲ. ಒಂದ್ಸಲ ಅವರನ್ನ ಕರ್ಕೊಂಡು ಹೋಗಿ ಹಾಸ್ಟೆಲ್ ತೋರಿಸ್ಕೊಂಡು ಬನ್ನಿ, ನಾನು ಕಣ್ಣಾರೆ ನೋಡಿದ್ಮೇಲೇ ನನಗೆ ನಿದ್ದೆ ಬಂದಿದ್ದು.

ಹಾಸನದ_ಮೇಷ್ಟ್ರು

ಟೀಚರ್ ಹೇಳಿದ್ದು ನೂರಕ್ಕೆ ನೂರು.

ಇನ್ನೊಂದು ಸೇರಿಸ್ತೀನಿ, ಒಂದೇ ಬಾಗಿಲು ನೋಡ್ಕೊಂಡು ಕೂರಬೇಡಿ. ಸಿಯುಇಟಿ ಅಂತ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಇದೆ, 2022ರಿಂದ ನಡೀತಿದೆ, 13 ಭಾಷೆಲಿ ಬರೀಬಹುದು, ಕನ್ನಡನೂ ಒಂದು. ಡೆಲ್ಲಿ ಯೂನಿವರ್ಸಿಟಿ ಡಿಗ್ರಿ, ನಮ್ಮ ಕಲಬುರಗಿ ಹತ್ರ ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿ, ಎಲ್ಲದಕ್ಕೂ ಅದೇ. ಪರೀಕ್ಷೆ ಕನ್ನಡದಲ್ಲಾದ್ರೂ ಪಾಠ ಇಂಗ್ಲಿಷಲ್ಲೇ ಅನ್ನೋದು ನೆನಪಿರ್ಲಿ. ಟೀಚರ್ ಆಗೋ ಆಸೆ ಇದ್ರೆ ಮೈಸೂರಿನ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ), ಬಿಎಡ್ ಸೇರಿಸಿ ನಾಲ್ಕು ವರ್ಷ. ಸಿಯುಇಟಿ ಅರ್ಜಿ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತೆ, ಮಕ್ಕಳು ಆಗ ಪ್ರಿಪರೇಟರಿ ಗಲಾಟೆಲಿ ಇರ್ತಾರೆ, ಅಣ್ಣ ಆದೋರು ಅದನ್ನ ನೆನಪಿಟ್ಕೋಬೇಕು.

ಮತ್ತೆ ನಿಮ್ಮ ಕಾಲೇಜಿನೋರು ಬಿಎ ಆದ್ಮೇಲೆ ಮೂರು ವರ್ಷದ ಲಾ ಅಂದ್ರಲ್ಲ, ಅದೂ ಪೂರ್ತಿ ಬಿಸಾಕೋ ಮಾತಲ್ಲ. ಬೆಂಗಳೂರು ಲಾ ಸ್ಕೂಲಲ್ಲೇ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಶುರುವಾಗಿದೆ, ಅದಕ್ಕೆ ಬೇರೆ ಪರೀಕ್ಷೆ, ಎನ್‌ಎಲ್‌ಸ್ಯಾಟ್. ಕ್ಲಾಟಿಗೆ ವಯಸ್ಸಿನ ಮಿತಿನೂ ಇಲ್ಲ, ಒಂದ್ಸಲ ತಪ್ಪಿದ್ರೆ ಇನ್ನೊಂದ್ಸಲ.

ಮಂಡ್ಯ_ಕಬ್ಬು

ಈ ವಿದ್ಯಾಲಕ್ಷ್ಮಿ ಪಟ್ಟೀಲಿ ಅಗ್ರಿ ಕಾಲೇಜು ಬರ್ತದಾ? ನನ್ ಮಗನಿಗೆ.

ಹಾಸನದ_ಮೇಷ್ಟ್ರು

ಪೋರ್ಟಲಲ್ಲಿ ಸಂಸ್ಥೆಗಳ ಪಟ್ಟಿ ಇದೆ ಸರ್, ಕಾಲೇಜಿನ ಹೆಸರು ಹಾಕಿ ನೋಡಿ. ಅವನಿಗೆ ರೂರಲ್ ಸರ್ಟಿಫಿಕೇಟ್ ಮಾಡಿಸಿದ್ರಾ?

ಮಂಡ್ಯ_ಕಬ್ಬು

ಇಲ್ಲ. ನಾಳೆ ಸ್ಕೂಲ್ ತಾವ್ಕೆ ಹೋಗ್ತೀನಿ.

ಏಸ್_ಗಾಡಿ_ಹಿರಿಯೂರು

ಎಲ್ರಿಗೂ, ಮೂರು ವಾರ ಆಯ್ತು ಅದಕ್ಕೆ ಏನೇನಾಯ್ತು ಅಂತ ಬರೀತಿದೀನಿ. ಆಧಾರಲ್ಲಿ ಅಪ್ಪನ ಹೆಸರು ತಪ್ಪಿತ್ತು ಮೇಷ್ಟ್ರೇ, ನೀವು ಹೇಳ್ದಂಗೆ ಮಾರ್ಕ್ಸ್ ಕಾರ್ಡ್ ಪ್ರಕಾರ ಸರಿ ಮಾಡ್ಸಿದೆ, ಇನ್ಕಮ್ ಸರ್ಟಿಫಿಕೇಟಿಗೆ ಹಾಕಿದೀನಿ. ಪ್ರೈಮರಿ ಸ್ಕೂಲ್ ರಿಜಿಸ್ಟರ್ ಸಿಕ್ತು, ಹೆಡ್‌ಮೇಡಂ ಇವಳನ್ನ ನೋಡಿ "ಒಂದನೇ ಕ್ಲಾಸಿಗೆ ಅಳ್ತಾ ಬಂದೋಳು ನೀನೇ ಅಲ್ವಾ" ಅಂದ್ರು.

ಮನೇಲಿ ಮಾತಾಡ್ದೆ. ಅಮ್ಮ ಸ್ವಲ್ಪ ಗೊಣಗಿದ್ರು. ಅಪ್ಪ ಬೇರೆ ಏನೂ ಕೇಳ್ಲಿಲ್ಲ, "ಅಲ್ಲಿ ಓದಿದ್ರೆ ನಮ್ಮ ಕೇಸಿಗೆ ಬರ್ತಾಳಾ" ಅಂತ ಒಂದೇ ಮಾತು. ಅಷ್ಟೊತ್ತಿಗೆ ಮುಗಿದಿರುತ್ತೆ ಅಂದೆ. ಅಪ್ಪ ನಕ್ರು, ಅವರಿಗೆ ನಂಬಿಕೆ ಇಲ್ಲ.

ಮೊನ್ನೆ ಭಾನುವಾರ ಹಳೇ ಪೇಪರಿಂದ ಒಂದು ಪ್ಯಾಸೇಜ್ ಟೈಮ್ ಹಚ್ಚಿ ಕೂರಿಸ್ದೆ. 14 ನಿಮಿಷ ತಗೊಂಡ್ಲು, ಐದರಲ್ಲಿ ಎರಡು ಸರಿ. ಮುಖ ಸಪ್ಪೆ ಮಾಡ್ಕೊಂಡಿದ್ಲು, ರೋಣದ ಅಕ್ಕನ 47 ಪ್ರಶ್ನೆ ಕಥೆ ಓದಿಸ್ದೆ. ಆಮೇಲೆ ಗೊತ್ತಿಲ್ಲದ ಪದ ಬರ್ಕೊಳ್ಳೋಕೆ ಅಂತ ಒಂದು ನೋಟ್‌ಬುಕ್ ಮಾಡಿದ್ದಾಳೆ, ನೋಡ್ದೆ, ಮೊದಲನೇ ಪುಟದಲ್ಲಿ ಪ್ಲೇಂಟಿಫ್, ಡಿಫೆಂಡೆಂಟ್, ಅಡ್ಜರ್ನ್ಡ್ ಅಂತ ಬರೆದು ಪಕ್ಕದಲ್ಲಿ "ಇದು ಗೊತ್ತು" ಅಂತ ಹಾಕ್ಕೊಂಡಿದ್ದಾಳೆ, ತಾತನ ಕೇಸಿಂದ ಕಲಿತದ್ದು.

ರೋಣದ ಅಕ್ಕ, ನಿಮಗೆ ಮೆಸೇಜ್ ಮಾಡಿದೀನಿ, ಬಿಡುವಾದಾಗ ನೋಡಿ. ಈರುಳ್ಳಿ ಲೋಡ್ ಐತೆ, ಹೊರಟೆ.